ತಾನೇ ಕಟ್ಟಿದ ಮನೆಯಿಂದ ಹೊರಬಿದ್ದ ಡ್ಯೂನಾಂಟ್

ಪ್ರತಿ ವರ್ಷ ಮೇ 8ರಂದು ವಿಶ್ವ ರೆಡ್ ಕ್ರಾಸ್ ದಿನಾಚರಣೆ ನಡೆಯುತ್ತದೆ. ನಮ್ಮಲ್ಲೂ ಅಂದು ರಕ್ತದಾನ ಶಿಬಿರಗಳು ಏರ್ಪಡುತ್ತವೆ, ಗಣ್ಯರು ಭಾಷಣ ಮಾಡುತ್ತಾರೆ. ಅದು 1828ರಲ್ಲಿ ಜಿನೀವಾದಲ್ಲಿ ಹುಟ್ಟಿದ ಹೆನ್ರಿ ಡ್ಯೂನಾಂಟ್‌ನ ಜನ್ಮದಿನ ಎಂಬ ಮಾತೂ ಆ ಭಾಷಣಗಳಲ್ಲಿ ಬರುತ್ತದೆ. ಆದರೆ ಆತ ಹುಟ್ಟುಹಾಕಿದ ಸಂಸ್ಥೆಯೇ 1868ರಲ್ಲಿ ಆತನನ್ನು ಹೊರಹಾಕಿತು, ಮುಂದಿನ ಇಪ್ಪತ್ತೇಳು ವರ್ಷ ಜಗತ್ತು ಆತನನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತ್ತು ಎಂಬ ಸಂಗತಿ ಮಾತ್ರ ಹೇಗೋ ಬಿಟ್ಟುಹೋಗುತ್ತದೆ.

ಡ್ಯೂನಾಂಟ್ ಸೈನಿಕನಲ್ಲ, ವೈದ್ಯನೂ ಅಲ್ಲ. ಜಿನೀವಾದ ಶ್ರದ್ಧಾವಂತ ಪ್ರೊಟೆಸ್ಟೆಂಟ್ ಮನೆತನದಿಂದ ಬಂದ ವ್ಯಾಪಾರಿ. ಅಲ್ಜೀರಿಯಾದಲ್ಲಿ ಹಿಟ್ಟಿನ ಗಿರಣಿಗಳ ಉದ್ಯಮ ಆರಂಭಿಸಿದ್ದ. ಭೂಮಿ ಮತ್ತು ನೀರಿನ ಹಕ್ಕಿನ ಕಡತಗಳು ಫ್ರೆಂಚ್ ವಸಾಹತು ಕಚೇರಿಗಳಲ್ಲಿ ಕೊಳೆಯುತ್ತಿದ್ದವು. ಚಕ್ರವರ್ತಿ ಮೂರನೆಯ ನೆಪೋಲಿಯನ್‌ನನ್ನೇ ಕಂಡು ಕೆಲಸ ಮಾಡಿಸಿಕೊಳ್ಳೋಣವೆಂದು, ಅವನನ್ನು ಹೊಗಳಿ ಬರೆದ ಪುಸ್ತಕವೊಂದನ್ನು ಹಿಡಿದು ಉತ್ತರ ಇಟಲಿಗೆ ಹೊರಟ. ಮನುಕುಲದ ಮಹಾ ಚಳವಳಿಯೊಂದರ ಮೂಲ ಹೀಗೆ ಒಂದು ಶಿಫಾರಸು ಯಾತ್ರೆಯಲ್ಲಿದೆ!

1859ರ ಜೂನ್ 24ರಂದು ಸಾಲ್ಫರಿನೊ ಬಯಲಿನಲ್ಲಿ ಫ್ರಾನ್ಸ್ ಮತ್ತು ಸಾರ್ಡೀನಿಯಾದ ಸೇನೆಗಳು ಆಸ್ಟ್ರಿಯಾದ ಸೇನೆಯನ್ನು ಎದುರಿಸಿದವು. ಸುಮಾರು 3 ಲಕ್ಷ ಸೈನಿಕರು ಹಗಲಿಡೀ ಕಾದಾಡಿದರು. ಸತ್ತವರು ಮತ್ತು ಗಾಯಗೊಂಡವರ ಸಂಖ್ಯೆ ಸುಮಾರು 40,000. ಅಂದು ಸಂಜೆ ಸಮೀಪದ ಕಾಸ್ತಿಲ್ಯೋನೆ ಪಟ್ಟಣ ತಲುಪಿದ ಡ್ಯೂನಾಂಟ್ ಕಂಡದ್ದು ನೀರಿಗಾಗಿ ನರಳುತ್ತ ಬೀದಿಯಲ್ಲಿ, ಚರ್ಚುಗಳಲ್ಲಿ ಬಿದ್ದಿದ್ದ ಸಾವಿರಾರು ಗಾಯಾಳುಗಳನ್ನು. ಸೇನೆಯ ವೈದ್ಯರು ಏನೇನೂ ಸಾಲದಾಗಿದ್ದರು. ಆತ ಊರಿನ ಹೆಂಗಸರನ್ನು, ಹುಡುಗರನ್ನು, ಸಿಕ್ಕ ಪ್ರವಾಸಿಗರನ್ನು ಕೂಡಿಸಿ ನೀರು, ಬಟ್ಟೆ, ಆಹಾರಗಳ ವ್ಯವಸ್ಥೆಗೆ ತೊಡಗಿದ. ಬಿದ್ದವನು ಯಾವ ಸೇನೆಯವನೆಂದು ಆ ಹೆಂಗಸರು ವಿಚಾರಿಸಲಿಲ್ಲ. ಆತನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು ಇದು. ಚಕ್ರವರ್ತಿಯ ಭೇಟಿ ಆಗಲಿಲ್ಲ. ಅಲ್ಜೀರಿಯಾದ ನೀರೂ ಸಿಗಲಿಲ್ಲ.

ಮೂರು ವರ್ಷಗಳ ಬಳಿಕ, 1862ರಲ್ಲಿ, ತಾನು ಕಂಡದ್ದನ್ನು ಪುಸ್ತಕವಾಗಿ ಬರೆದು ಸ್ವಂತ ಖರ್ಚಿನಲ್ಲಿ 1,600 ಪ್ರತಿ ಅಚ್ಚು ಹಾಕಿಸಿ ಯೂರೋಪಿನ ದೊರೆಗಳಿಗೆ, ಸೇನಾನಿಗಳಿಗೆ ಕಳುಹಿಸಿದ. ಅದರಲ್ಲಿ ಎರಡು ಸಲಹೆಗಳಿದ್ದವು. ಶಾಂತಿಯ ಕಾಲದಲ್ಲೇ ಪ್ರತಿ ದೇಶವೂ ತರಬೇತಿ ಪಡೆದ ಸ್ವಯಂಸೇವಕರ ಸಂಘ ಕಟ್ಟಿಟ್ಟುಕೊಳ್ಳಬೇಕು. ಅವರಿಗೆ ಯುದ್ಧಭೂಮಿಯಲ್ಲಿ ರಕ್ಷಣೆ ನೀಡುವ ಅಂತರರಾಷ್ಟ್ರೀಯ ಒಪ್ಪಂದವೊಂದು ಆಗಬೇಕು. ಇಂದಿನ ರೆಡ್ ಕ್ರಾಸ್ ನಿಂತಿರುವುದು ಈ ಎರಡು ಕಾಲುಗಳ ಮೇಲೆಯೇ.

ಕನಸು ಕಾಣುವವನಿಗೆ ಲೆಕ್ಕ ಬರೆಯುವವನ ಜೊತೆ ಬೇಕು. ಜಿನೀವಾದ ವಕೀಲ ಗುಸ್ತಾವ್ ಮೊಯ್ನಿಯೇ ಆ ಜೊತೆಗಾರನಾದ. ಜನರಲ್ ದ್ಯುಫೂರ್, ವೈದ್ಯರಾದ ಅಪ್ಪಿಯಾ ಮತ್ತು ಮೊನುವಾರ್ ಸೇರಿ ಐವರ ಸಮಿತಿ 1863ರ ಫೆಬ್ರುವರಿ 17ರಂದು ಮೊದಲ ಸಭೆ ನಡೆಸಿತು. ಡ್ಯೂನಾಂಟ್ ಕಾರ್ಯದರ್ಶಿ. ಗಾಯಾಳುಗಳನ್ನೂ ಶುಶ್ರೂಷಕರನ್ನೂ ತಟಸ್ಥರೆಂದು ಪರಿಗಣಿಸಬೇಕೆಂಬ ವಿಚಾರವನ್ನು ಅವನು ಸಮಿತಿಯನ್ನು ಕೇಳದೆ ಬರ್ಲಿನ್‌ನಲ್ಲಿ ಪ್ರಚಾರ ಮಾಡಿದ. ಮೊಯ್ನಿಯೇಗೆ ಸಿಟ್ಟು ಬಂತು. ಇದು ಆಗದ ಮಾತೆಂದು ಅವನ ಎಣಿಕೆ. ಮರುವರ್ಷ, 1864ರ ಆಗಸ್ಟ್ 22ರಂದು, 12 ದೇಶಗಳು ಸಹಿ ಹಾಕಿದ ಮೊದಲ ಜಿನೀವಾ ಒಪ್ಪಂದದ ತಿರುಳೇ ಆ ತಟಸ್ಥತೆ.

ಆದರೂ ಮೊಯ್ನಿಯೇಯನ್ನು ಖಳನಾಯಕನನ್ನಾಗಿ ಮಾಡುವುದು ನ್ಯಾಯವಲ್ಲ. 1864ರಿಂದ 1910ರಲ್ಲಿ ಸಾಯುವವರೆಗೂ ಅಧ್ಯಕ್ಷನಾಗಿದ್ದ ಆತ ಈ ಚಳವಳಿಗೆ ಉಳಿಯುವ ರೂಪ ಕೊಟ್ಟವನು. ಜಿನೀವಾದ ಸಮಿತಿ ಇತರ ದೇಶಗಳ ಸಂಘಗಳನ್ನು ಆಳಲು ಹೋಗಲಿಲ್ಲ. ಒಂದೊಂದು ದೇಶಕ್ಕೆ ಒಂದೊಂದು ರಾಷ್ಟ್ರೀಯ ಸಂಘ, ಅದರ ಆಡಳಿತ ಅದರದೇ. ನಡುವೆ ಯಾರ ಪಕ್ಷವನ್ನೂ ವಹಿಸದ ಒಂದು ಸಣ್ಣ ಸ್ವಿಸ್ ಸಮಿತಿ. ಇಂದಿಗೂ ಆ ಅಂತರರಾಷ್ಟ್ರೀಯ ಸಮಿತಿಯ ಸದಸ್ಯರೆಲ್ಲ ಸ್ವಿಸ್ ಪ್ರಜೆಗಳೇ. ಹೊಸ ಸದಸ್ಯರನ್ನು ಹಳಬರೇ ಆರಿಸಿಕೊಳ್ಳುತ್ತಾರೆ. ಪ್ರಜಾಪ್ರಭುತ್ವದ ಕಣ್ಣಿಗೆ ಇದು ವಿಚಿತ್ರ. ಆದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಂತೆ ಅಲ್ಲಿ ದೊಡ್ಡ ರಾಷ್ಟ್ರಗಳಿಗೆ ನಿಷೇಧಾಧಿಕಾರ ಇಲ್ಲದಿರುವುದಕ್ಕೂ ಇದೇ ಕಾರಣ.

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ರಾಷ್ಟ್ರೀಯ ಸಂಘಗಳು ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಯುದ್ಧ ಮತ್ತು ಸೆರೆಯಾಳುಗಳ ಹೊಣೆ ಮುಖ್ಯವಾಗಿ ಸಮಿತಿಯದು. ಭೂಕಂಪ, ನೆರೆ, ಸುನಾಮಿಗಳಲ್ಲಿ ನೆರವನ್ನು ಹೊಂದಿಸುವುದು ಒಕ್ಕೂಟದ್ದು. ರೆಡ್ ಕ್ರೆಸೆಂಟ್ ಸಂಘಗಳೂ ಸೇರಿ 190ಕ್ಕೂ ಹೆಚ್ಚು ರಾಷ್ಟ್ರೀಯ ಸಂಘಗಳು ಇದರಲ್ಲಿವೆ. ಇವರಲ್ಲಿ ಯಾರೂ ಯಾರಿಗೂ ಯಜಮಾನರಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುವ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸಂಘಗಳ ಜೊತೆ ಜಿನೀವಾ ಒಪ್ಪಂದಗಳಿಗೆ ಸೇರಿದ ಸರ್ಕಾರಗಳೂ ಕುಳಿತು ಮತ ಹಾಕುತ್ತವೆ. 1965ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾದ ಏಳು ಮೂಲತತ್ವಗಳೇ ಎಲ್ಲರನ್ನೂ ಕಟ್ಟಿಹಾಕುವ ಹಗ್ಗ. ನಮ್ಮ ಭಾರತೀಯ ರೆಡ್ ಕ್ರಾಸ್ 1920ರ ಕಾಯ್ದೆಯಿಂದ ಹುಟ್ಟಿದ್ದು; ರಾಷ್ಟ್ರಪತಿಯೇ ಅದರ ಅಧ್ಯಕ್ಷರು. ಸರ್ಕಾರಕ್ಕೆ ನೆರವಾಗಬೇಕು, ಸರ್ಕಾರದ ಅಂಗವಾಗಬಾರದು. ಈ ಗೆರೆಯ ಮೇಲೆ ನಡೆಯುವುದು ಯಾವ ದೇಶದಲ್ಲೂ ಸುಲಭವಲ್ಲ.

ಮೊಯ್ನಿಯೇ ರೂಢಿಸಿದ ಎಚ್ಚರಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸೆರೆಮನೆಗಳಲ್ಲಿ ಕಂಡದ್ದನ್ನು ಸಮಿತಿ ಸಾಮಾನ್ಯವಾಗಿ ಬಹಿರಂಗಪಡಿಸುವುದಿಲ್ಲ. ಹೇಳಬೇಕಾದವರಿಗೆ ಗುಟ್ಟಾಗಿ ಹೇಳುತ್ತದೆ. ಬಾಯಿಬಿಟ್ಟರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ ಎಂಬುದು ಅದರ ತರ್ಕ. 1942ರ ಅಕ್ಟೋಬರ್ 14ರಂದು, ಹಿಟ್ಲರನ ಆಡಳಿತ ಯಹೂದ್ಯರನ್ನು ಕೊಲ್ಲುತ್ತಿದ್ದ ಸುದ್ದಿ ತಲುಪಿದ್ದರೂ, ಸಿದ್ಧವಾಗಿದ್ದ ಬಹಿರಂಗ ಮನವಿಯನ್ನು ಹೊರಡಿಸದಿರಲು ಸಮಿತಿ ತೀರ್ಮಾನಿಸಿತು. ಅದು ತನ್ನ ವೈಫಲ್ಯವೆಂದು ಸಂಸ್ಥೆಯೇ ಮುಂದೆ ಒಪ್ಪಿಕೊಂಡಿದೆ. ಕೇಳದೆಯೇ ಮಾತಾಡಿಬಿಡುವ ಒಬ್ಬ ಡ್ಯೂನಾಂಟ್ ಅಂದು ಆ ಕೋಣೆಯಲ್ಲಿ ಇರಬೇಕಿತ್ತು ಎಂದು ಈ ಲೇಖಕನಿಗೆ ಅನಿಸುತ್ತದೆ.

ಅವನು ಆ ಕೋಣೆಯಿಂದ ಹೊರಬಿದ್ದದ್ದು ಸಾಲದಿಂದ. 1867ರಲ್ಲಿ ಉದ್ಯಮ ದಿವಾಳಿಯಾಯಿತು. ಸಾಲ ಸುಮಾರು 10 ಲಕ್ಷ ಸ್ವಿಸ್ ಫ್ರಾಂಕ್. ಪಾಲುದಾರರನ್ನು ವಂಚಿಸಿದನೆಂದು ಜಿನೀವಾದ ನ್ಯಾಯಾಲಯ ಮರುವರ್ಷ ತೀರ್ಪಿತ್ತಿತು. ಸಾಲಗಾರನಿಗೆ ಮುಖ ಕೊಡದ ಆ ಊರು ಅವನಿಗೆ ಮುಚ್ಚಿಹೋಯಿತು. ಸಮಿತಿ ಅವನ ಹೆಸರನ್ನು ಕಿತ್ತುಹಾಕಿತು. ಅವನು ಮತ್ತೆಂದೂ ಜಿನೀವಾಕ್ಕೆ ಕಾಲಿಡಲಿಲ್ಲ. ಪ್ಯಾರಿಸ್‌ನಲ್ಲಿ ಹರಕು ಕೋಟಿಗೆ ಶಾಯಿ ಬಳಿದು, ಕಾಲರಿಗೆ ಸೀಮೆಸುಣ್ಣ ತೀಡಿ ಮಾನ ಕಾಪಾಡಿಕೊಂಡ ದಿನಗಳನ್ನು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ಕೊನೆಗೆ 1887ರಲ್ಲಿ ಸ್ವಿಟ್ಜರ್‌ಲೆಂಡಿನ ಬೆಟ್ಟದೂರಾದ ಹೈಡೆನ್ ಸೇರಿದ. 1892ರಿಂದ ಅಲ್ಲಿನ ಆಸ್ಪತ್ರೆಯ ಒಂದು ಕೋಣೆಯೇ ಅವನ ಮನೆ.

1895ರಲ್ಲಿ ಬೌಂಬರ್ಗರ್ ಎಂಬ ಪತ್ರಕರ್ತ ಅವನನ್ನು ಹುಡುಕಿಕೊಂಡು ಹೋಗಿ ಲೇಖನ ಬರೆದ. ರೆಡ್ ಕ್ರಾಸ್ ಕಲ್ಪಿಸಿದವನು ಇನ್ನೂ ಬದುಕಿದ್ದಾನೆಂದು ಯೂರೋಪಿಗೆ ಆಗ ತಿಳಿಯಿತು. 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಫ್ರೆಡರಿಕ್ ಪಾಸಿ ಮತ್ತು ಡ್ಯೂನಾಂಟ್ ಇಬ್ಬರಿಗೂ ಸಂದಿತು. ಹೊರಹಾಕಿದ್ದ ಸಮಿತಿಯೂ ಅಭಿನಂದನೆ ಕಳುಹಿಸಿತು. ಸಾಲ ಕೊಟ್ಟವರ ಕೈಗೆ ಸಿಗದಂತೆ ಆ ಹಣವನ್ನು ಮಿತ್ರರು ನಾರ್ವೆಯ ಬ್ಯಾಂಕಿನಲ್ಲಿ ಇರಿಸಿದರು. ಅವನು ಅದನ್ನು ಮುಟ್ಟಲಿಲ್ಲ.

ಮೊಯ್ನಿಯೇ ತೀರಿಕೊಂಡದ್ದು 1910ರ ಆಗಸ್ಟ್ 21ರಂದು. ಡ್ಯೂನಾಂಟ್ ಅದೇ ವರ್ಷ ಅಕ್ಟೋಬರ್ 30ರಂದು. ಇಬ್ಬರಿಗೂ ಮತ್ತೆ ರಾಜಿಯಾಗಲೇ ಇಲ್ಲ. ಯಾವ ವಿಧಿಯೂ ಬೇಡವೆಂದ ಅವನ ಇಚ್ಛೆಯಂತೆ ಜೂರಿಕ್‌ನಲ್ಲಿ ಅಂತ್ಯಕ್ರಿಯೆ ನಡೆಯಿತು. ಉಯಿಲಿನಲ್ಲಿ ನಾರ್ವೆ ಮತ್ತು ಸ್ವಿಟ್ಜರ್‌ಲೆಂಡಿನ ಸೇವಾ ಸಂಸ್ಥೆಗಳಿಗೆ ಹಣ ಬಿಟ್ಟಿದ್ದ. ಹೈಡೆನ್ ಆಸ್ಪತ್ರೆಯಲ್ಲಿ ಬಡ ರೋಗಿಗಳಿಗಾಗಿ ಒಂದು ಉಚಿತ ಹಾಸಿಗೆಗೂ ಅದರಲ್ಲಿ ಪಾಲಿತ್ತು.