ತಾರಾನಾಥರ ಶಾಲೆ, ಗುಳೆಯ ಮಕ್ಕಳು

ರಾಯಚೂರು ಸೀಮೆಯ ಮಕ್ಕಳ ಅಕ್ಷರಾಭ್ಯಾಸದ ಮಾತು ಬಂದಾಗಲೆಲ್ಲ ನನಗೆ ಪಂಡಿತ ತಾರಾನಾಥರು ನೆನಪಾಗುತ್ತಾರೆ. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ವೈದ್ಯಶಾಸ್ತ್ರ ಕಲಿಯಲು ಹೈದರಾಬಾದಿಗೆ ಹೋದರು. ಮುಂದೆ ರಾಯಚೂರನ್ನು ಕರ್ಮಭೂಮಿಯಾಗಿಸಿಕೊಂಡರು. ನಿಜಾಮರ ಆ ಸಂಸ್ಥಾನದಲ್ಲಿ ಉರ್ದುವೇ ಆಡಳಿತ ಭಾಷೆ. ಮಾನ್ವಿ, ದೇವದುರ್ಗಗಳ ಮಗು ಮನೆಯಲ್ಲಿ ಕನ್ನಡವಾಡಿದರೂ ಮುಂದೆ ಓದಬೇಕೆಂದರೆ ಬಲದಿಂದ ಎಡಕ್ಕೆ ಸಾಗುವ ಲಿಪಿಗೆ ಕೈ ಒಗ್ಗಿಸಿಕೊಳ್ಳಬೇಕಿತ್ತು. ಅಂಥ ಕಾಲದಲ್ಲಿ, 1920ರ ಸುಮಾರಿಗೆ, ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಕನ್ನಡಕ್ಕೆ ಆಸರೆಯಾಯಿತು.

ಹಮ್‌ದರ್ದ್ ಎಂಬುದು ಉರ್ದುವಿನದೇ ಪದ. ನೋವಿನಲ್ಲಿ ಪಾಲುಗೊಳ್ಳುವವ ಎಂದು ಅದರ ಅರ್ಥ. ಅವರ ಕನ್ನಡಾಭಿಮಾನದಲ್ಲಿ ಪರಭಾಷೆಯ ಹಗೆ ಇರಲಿಲ್ಲ. ಆದರೂ ನಿಜಾಮ ಸರ್ಕಾರದ ಅವಕೃಪೆಗೆ ಗುರಿಯಾಗಿ ಸಂಸ್ಥಾನ ತೊರೆದರು. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿ, 1942ರಲ್ಲಿ ತೀರಿಕೊಂಡರು.

ರಾಯಚೂರು 1956ರಲ್ಲಿ ಕನ್ನಡ ನಾಡನ್ನು ಸೇರಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 60ನ್ನು ಮುಟ್ಟಲಿಲ್ಲ. ಅಂದಿನ ತೊಡಕು ಪರಭಾಷೆಯದಾದರೆ ಇಂದಿನದು ಗುಳೆಯದು. ಕೂಲಿ ಅರಸುವ ತಂದೆತಾಯಿಯೊಡನೆ ಊರು ಬಿಡುವ ಮಗುವಿನ ಕಾಗುಣಿತ ಅರ್ಧಕ್ಕೇ ನಿಲ್ಲುತ್ತದೆ. ಆ ಮಗು ಹೋದಲ್ಲಿಗೆ ಶಾಲೆಯೂ ಹೋಗಬೇಕು. ತಾರಾನಾಥರಿಗೆ ನಾವು ಸಲ್ಲಿಸಬೇಕಾದ ಋಣ ಅದೇ ಎಂದು ನಾನು ನಂಬಿದ್ದೇನೆ.