ಶ್ರೀಮತಿ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್

ಈಗಿನ ಕಾಲದಲ್ಲಿ ಭಾವಚಿತ್ರ ತೆಗೆಯುವುದು ಮಕ್ಕಳಾಟದಂತಾಗಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಫೋನಿನಿಂದಲೇ ಹೂವಿನ ಎಸಳನ್ನೂ ಇರುವೆಯ ಮೀಸೆಯನ್ನೂ ಗೆಳತಿಯ ಮುಖವನ್ನೂ ಕ್ಷಣಮಾತ್ರದಲ್ಲಿ ಸೆರೆಹಿಡಿಯುತ್ತೇವೆ. ಮುಖವೊಂದೇ ಚಿತ್ರವನ್ನೆಲ್ಲ ತುಂಬುವಂತೆ ಹತ್ತಿರಕ್ಕೆ ಹೋಗುವುದು, ಕಣ್ಣನ್ನು ಸ್ಪಷ್ಟವಾಗಿರಿಸಿ ಉಳಿದುದನ್ನು ಮಂಜಿನಂತೆ ಮಸುಕಾಗಲು ಬಿಡುವುದು, ಒಂದೇ ಕಡೆಯಿಂದ ಬೆಳಕನ್ನು ಬರಮಾಡಿ ಮಿಕ್ಕ ಭಾಗವನ್ನು ನೆರಳಿಗೆ ಒಪ್ಪಿಸುವುದು, ಇವೆಲ್ಲವೂ ಛಾಯಾಚಿತ್ರಕಲೆಯನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳ ಮೊದಮೊದಲ ಪಾಠಗಳಾಗಿವೆ. ಆದರೆ ಇವನ್ನೇ ದೋಷಗಳೆಂದು ಬಲ್ಲವರು ಹೀಗಳೆಯುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ, ತನ್ನ 48ನೆಯ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾಗಿ, ಯಾವ ಶಾಲೆಗೂ ಹೋಗದೆ, ಕೆಡಿಸಿದ ಗಾಜುಗಳನ್ನೇ ಗುರುಗಳನ್ನಾಗಿ ಮಾಡಿಕೊಂಡು ಈ ಪಾಠಗಳನ್ನು ಕಲಿತ ಮಹಿಳೆಯೊಬ್ಬಳ ಚರಿತ್ರೆಯನ್ನು ನಮ್ಮ ಬಾಲಿಕೆಯರ ಮುಂದಿಡಬೇಕೆಂಬುದು ನಮ್ಮ ಉದ್ದೇಶವಾಗಿದೆ.

ಜೂಲಿಯಾ ಮಾರ್ಗರೆಟಳು 1815ನೆಯ ಇಸವಿ ಜೂನ್ ತಿಂಗಳ 11ನೆಯ ತಾರೀಖಿನಂದು ನಮ್ಮ ದೇಶದ ಕಲ್ಕತ್ತೆಯಲ್ಲಿ ಜನಿಸಿದಳು. ತಂದೆಯಾದ ಜೇಮ್ಸ್ ಪ್ಯಾಟಲನು ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಅಧಿಕಾರಿಗಳಲ್ಲೊಬ್ಬನು. ತಾಯಿಯು ಫ್ರೆಂಚ್ ಮನೆತನದವಳು. ಆಕೆಯ ವಿದ್ಯಾಭ್ಯಾಸವು ಬಹುಮಟ್ಟಿಗೆ ಫ್ರಾನ್ಸ್ ದೇಶದಲ್ಲಿ ಅಜ್ಜಿಯ ಆರೈಕೆಯಲ್ಲಿ ನಡೆಯಿತು. ಅಕ್ಕತಂಗಿಯರು ಚೆಲುವಿಗೆ ಹೆಸರಾದರು. ಜೂಲಿಯಳಾದರೋ ಚುರುಕಾದ ಬುದ್ಧಿಗೂ ಧಾರಾಳವಾದ ಕೈಗೂ ಹೆಸರಾದಳು. 1834ರಲ್ಲಿ ಆಕೆಯು ಕಲ್ಕತ್ತೆಗೆ ಹಿಂದಿರುಗಿದಳು.

ಎರಡು ವರ್ಷಗಳ ತರುವಾಯ ಆರೋಗ್ಯಕ್ಕಾಗಿ ಗುಡ್‌ಹೋಪ್ ಭೂಶಿರಕ್ಕೆ ಹೋಗಿದ್ದಾಗ ಆಕೆಗೆ ಇಬ್ಬರ ಪರಿಚಯವಾಯಿತು. ಒಬ್ಬನು ದಕ್ಷಿಣಾಕಾಶದ ನಕ್ಷತ್ರಗಳನ್ನು ಪರಿಶೀಲಿಸಲು ಅಲ್ಲಿ ಬೀಡುಬಿಟ್ಟಿದ್ದ ಖಗೋಳಶಾಸ್ತ್ರಜ್ಞನಾದ ಸರ್ ಜಾನ್ ಹರ್ಷೆಲ್ ಮಹಾಶಯನು. ಮತ್ತೊಬ್ಬನು ಆಕೆಗಿಂತ ಇಪ್ಪತ್ತು ವರ್ಷ ಹಿರಿಯನಾದ ಚಾರ್ಲ್ಸ್ ಹೇ ಕ್ಯಾಮೆರನ್ ಎಂಬ ನ್ಯಾಯಶಾಸ್ತ್ರನಿಪುಣನು. 2024ರವರೆಗೂ ನಮ್ಮ ದೇಶದಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಮೆಕಾಲೆಯ ಆಯೋಗದಲ್ಲಿ ಇವನೂ ಒಬ್ಬ ಸದಸ್ಯನು. 1838ರಲ್ಲಿ ಕಲ್ಕತ್ತೆಯಲ್ಲಿ ಇವರಿಬ್ಬರ ವಿವಾಹವಾಯಿತು. ಹರ್ಷೆಲನ ಸ್ನೇಹವೂ ಬಾಳಿನುದ್ದಕ್ಕೂ ಉಳಿಯಿತು. ಛಾಯಾಚಿತ್ರವು ಬೆಳಕಿಗೆ ಮಾಸಿಹೋಗದಂತೆ ಹೈಪೋ ಎಂಬ ಲವಣದಿಂದ ಅದನ್ನು ಸ್ಥಿರಪಡಿಸಬಹುದೆಂದು 1839ರಲ್ಲಿ ತೋರಿಸಿಕೊಟ್ಟವನು ಅವನೇ. ಆ ನೂತನ ವಿದ್ಯೆಯ ಸಮಾಚಾರವನ್ನೂ ಕೆಲವು ಮಾದರಿಗಳನ್ನೂ ಅವನು ಕಲ್ಕತ್ತೆಯಲ್ಲಿದ್ದ ಗೆಳತಿಗೆ ಕಳುಹಿಸಿಕೊಟ್ಟನು. ಬೀಜವು ಅಂದೇ ಬಿದ್ದಿತು. ಮೊಳೆಯಲು ಮಾತ್ರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು.

ನಡುವಿನ ಆ ವರ್ಷಗಳು ಸಂಸಾರದ ವರ್ಷಗಳು. ಆರು ಮಂದಿ ಸ್ವಂತ ಮಕ್ಕಳಲ್ಲದೆ ಅನಾಥರಾದ ಬಂಧುಗಳ ಮಕ್ಕಳನ್ನೂ ಆಕೆಯು ಸಾಕಿದಳು. 1848ರಲ್ಲಿ ಪತಿಯು ನಿವೃತ್ತನಾಗಲು ಕುಟುಂಬವು ಇಂಗ್ಲೆಂಡಿಗೆ ಹೋಯಿತು. 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ, ಕವಿಯಾದ ಟೆನಿಸನ್ನನ ನೆರೆಯಲ್ಲಿ ನೆಲಸಿತು. ಸಿಂಹಳದಲ್ಲಿದ್ದ ತಮ್ಮ ತೋಟದ ನೆನಪಿಗಾಗಿ ಆ ಮನೆಗೆ ಡಿಂಬೋಲ ಎಂದು ಹೆಸರಿಟ್ಟರು. ಪತಿಯು ತೋಟಗಳ ವಿಚಾರಣೆಗಾಗಿ ದೂರಹೋದಾಗ, ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟಾಗ, ಆ ಮನೆಯು ಬರಿದೆನಿಸಿತು. ತಾಯಿಯ ಏಕಾಂತವನ್ನರಿತ ಮಗಳೂ ಅಳಿಯನೂ 1863ರ ಡಿಸೆಂಬರಿನಲ್ಲಿ ಆಕೆಗೊಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಹೊತ್ತು ಕಳೆಯಲೆಂದು ಕೊಟ್ಟ ಆ ಪೆಟ್ಟಿಗೆಯೇ ಆಕೆಯ ಬಾಳಿನ ಕೆಲಸವಾಯಿತು.

ಅಂದಿನ ಕ್ಯಾಮೆರಾ ಎಂದರೆ ಮೇಜಿನಷ್ಟು ಭಾರವಾದ ಮರದ ಪೆಟ್ಟಿಗೆ. ಅದರ ವಿಧಾನವನ್ನು ನಮ್ಮ ವಿದ್ಯಾರ್ಥಿನಿಯರು ಅರಿತರೆ ಆಕೆಯ ಶ್ರಮವು ಅರ್ಥವಾದೀತು. ಮೊದಲು ಗಾಜಿನ ಫಲಕವೊಂದನ್ನು ಕಲೆಯಿಲ್ಲದಂತೆ ತೊಳೆದು ಒರಸಿ, ಕೊಲೋಡಿಯನ್ ಎಂಬ ಅಂಟುದ್ರವವನ್ನು ಅದರ ಮೇಲೆ ಒಂದೇ ಸಮನೆ ಹರಿಯಿಸಬೇಕು. ಬಳಿಕ ಕತ್ತಲೆಕೋಣೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಬೇಕು. ಅದು ಒಣಗುವುದರೊಳಗಾಗಿ ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಒಡನೆಯೇ ಕತ್ತಲೆಕೋಣೆಗೆ ಓಡಿ, ಬಿಂಬವನ್ನು ಹೊರಡಿಸಿ, ಸ್ಥಿರಪಡಿಸಿ, ಮತ್ತೆ ಮತ್ತೆ ನೀರಿನಲ್ಲಿ ತೊಳೆಯಬೇಕು. ಒಂದು ಧೂಳಿನ ಕಣ, ಒಂದು ಬೆರಳಿನ ಗುರುತು ಸಾಕು, ಎಲ್ಲವೂ ಹಾಳು. ಕೊನೆಗೆ ಮೊಟ್ಟೆಯ ಬಿಳಿಲೋಳೆಯನ್ನು ಸವರಿದ ಕಾಗದಕ್ಕೆ ಆ ಗಾಜನ್ನು ಒತ್ತಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರವು ಮೂಡುವುದು. ಶ್ರೀಮತಿ ಕ್ಯಾಮೆರನ್ನಳು ಕಲ್ಲಿದ್ದಲಿನ ಕೊಟ್ಟಿಗೆಯನ್ನು ಕತ್ತಲೆಕೋಣೆಯನ್ನಾಗಿ ಮಾಡಿದಳು; ಗಾಜು ಹೊದಿಸಿದ್ದ ಕೋಳಿಗೂಡನ್ನು ಚಿತ್ರಶಾಲೆಯನ್ನಾಗಿ ಮಾಡಿದಳು. ರಸಾಯನಗಳಿಂದ ಆಕೆಯ ಕೈಗಳೂ ಉಡುಪೂ ಕಪ್ಪಾದುವು. ಅದಕ್ಕೆ ಆಕೆಯು ನಾಚಲಿಲ್ಲ.

ಮೊದಲನೆಯ ಪ್ರಯತ್ನವು ಸೋತಿತು. ಫ್ರೆಶ್‌ವಾಟರಿನ ರೈತನೊಬ್ಬನಿಗೆ ಗಂಟೆಗಿಷ್ಟೆಂದು ಕೂಲಿಕೊಟ್ಟು ಕುಳ್ಳಿರಿಸಿ ತೆಗೆದ ಚಿತ್ರವನ್ನು, ಬಿಂಬವಿದ್ದ ಕಡೆಯನ್ನೇ ಅರಿಯದೆ ಕೈಯಿಂದ ಒರಸಿ ಅಳಿಸಿಬಿಟ್ಟಳು. ಹಲವು ಗಾಜುಗಳು ಹೀಗೆಯೇ ಕೆಟ್ಟವು. 1864ನೆಯ ಜನವರಿ ತಿಂಗಳಿನ ಕೊನೆಯಲ್ಲಿ, ಆನಿ ಫಿಲ್ಪಾಟ್ ಎಂಬ ಹುಡುಗಿಯ ಚಿತ್ರವು ಮಾತ್ರ ನೆಟ್ಟಗೆ ಬಂದಿತು. ಆಕೆಯ ಆನಂದಕ್ಕೆ ಪಾರವಿಲ್ಲವಾಯಿತು. ಆ ಬಾಲಿಕೆಯೇ ಚಿತ್ರವನ್ನು ಮಾಡಿಕೊಟ್ಟಳೋ ಎಂಬಂತೆ, ಅವಳಿಗೆ ಕೊಡಲು ತಕ್ಕ ಕಾಣಿಕೆಗಾಗಿ ಮನೆಯಲ್ಲೆಲ್ಲ ಹುಡುಕಾಡಿದಳು. ಅಂದೇ ಚಿತ್ರವನ್ನು ಅಚ್ಚಿಳಿಸಿ, ಕಟ್ಟುಹಾಕಿಸಿ, ಹುಡುಗಿಯ ತಂದೆಗೆ ಒಪ್ಪಿಸಿದಳು. ತನ್ನ ಮೊದಲ ಜಯವೆಂದು ಆ ಚಿತ್ರಕ್ಕೆ ಹೆಸರಿಟ್ಟಳು.

ಇನ್ನು ಆಕೆಯ ರೀತಿಯ ವಿಶೇಷವೇನೆಂಬುದನ್ನು ನೋಡೋಣ. ಅಂದಿನ ಚಿತ್ರಶಾಲೆಗಳಲ್ಲಿ ಜನರನ್ನು ಕಂಬ, ಪರದೆ, ಮೇಜುಗಳ ನಡುವೆ ದೂರದಲ್ಲಿ ನಿಲ್ಲಿಸಿ, ಅಡಿಯಿಂದ ಮುಡಿಯವರೆಗೆ ಎಲ್ಲವೂ ಸೂಜಿಮೊನೆಯಂತೆ ಸ್ಪಷ್ಟವಾಗುವ ಹಾಗೆ ತೆಗೆಯುವುದು ವಾಡಿಕೆ. ಅಂಗಿಯ ಗುಂಡಿಯೂ ಕಣ್ಣೂ ಸಮನಾದ ಗೌರವವನ್ನು ಪಡೆಯುತ್ತಿದ್ದುವು. ಶ್ರೀಮತಿ ಕ್ಯಾಮೆರನ್ನಳು ಕಂಬವನ್ನೂ ಪರದೆಯನ್ನೂ ತೆಗೆದುಹಾಕಿದಳು. ಕಪ್ಪು ಬಟ್ಟೆಯನ್ನು ಹೊದಿಸಿ ಉಡುಪನ್ನು ಮರೆಮಾಡಿದಳು. ಒಂದು ಕಡೆಯ ಬೆಳಕನ್ನು ಮಾತ್ರ ಉಳಿಸಿಕೊಂಡಳು. ಆಮೇಲೆ ಮುಖದ ಸಮೀಪಕ್ಕೆ ನಡೆದಳು. ಆಗಿನ ಚಿತ್ರಗಳನ್ನು ಗಾಜಿನ ಅಳತೆಯಲ್ಲಿಯೇ ಅಚ್ಚಿಳಿಸುತ್ತಿದ್ದುದರಿಂದ ದೊಡ್ಡ ಮುಖ ಬೇಕಾದರೆ ದೊಡ್ಡ ಗಾಜೇ ಬೇಕು. 1866ರ ಹೊತ್ತಿಗೆ ಆಕೆಯು 15 ಅಂಗುಲ ಉದ್ದ, 12 ಅಂಗುಲ ಅಗಲದ ಫಲಕಗಳನ್ನು ಹಿಡಿಯುವ ಕ್ಯಾಮೆರಾವನ್ನು ತರಿಸಿ, ಜೀವದಳತೆಯ ಮುಖಗಳನ್ನೇ ತೆಗೆಯತೊಡಗಿದಳು. ಮಸೂರವು ಮುಖಕ್ಕೆ ಸಮೀಪವಾದಷ್ಟೂ, ಅದರ ಬಾಯಿ ಅಗಲವಾದಷ್ಟೂ, ಸ್ಪಷ್ಟವಾಗಿ ಕಾಣುವ ಆಳವು ಕಡಮೆಯಾಗುವುದು. ಕಣ್ಣು ಸ್ಪಷ್ಟವಾದರೆ ಕಿವಿಯು ಮಸುಕಾಗುವುದು. ಇದಲ್ಲದೆ ಕುಳಿತವರು ಹಲವು ನಿಮಿಷಗಳ ಕಾಲ ಅಲುಗದೆ ಇರಬೇಕಾಗಿತ್ತು. ಉಸಿರಾಡುವ ಮನುಷ್ಯನು ಕಲ್ಲಿನಂತಿರಲು ಸಾಧ್ಯವೆ? ಆ ಸಣ್ಣ ಅಲುಗಾಟವೂ ಚಿತ್ರದಲ್ಲಿ ಸೇರುತ್ತಿತ್ತು. ಮಸೂರವನ್ನು ತಿರುಗಿಸುತ್ತಾ ಬಂದು, ತನ್ನ ಕಣ್ಣಿಗೆ ಸುಂದರವಾಗಿ ಕಂಡಲ್ಲಿಯೇ ಆಕೆಯು ನಿಲ್ಲಿಸುತ್ತಿದ್ದಳು. ಇನ್ನೂ ಸ್ಪಷ್ಟಪಡಿಸಲು ಮುಂದುವರಿಯುತ್ತಿರಲಿಲ್ಲ.

ಛಾಯಾಚಿತ್ರಕಾರರ ಪತ್ರಿಕೆಗಳು ಇದನ್ನು ಸಹಿಸಲಿಲ್ಲ. 1864ರಲ್ಲಿಯೇ ಲಂಡನ್ನಿನ ಛಾಯಾಚಿತ್ರ ಸಂಘಕ್ಕೆ ಸದಸ್ಯಳಾದ ಆಕೆಯ ಚಿತ್ರಗಳಲ್ಲಿ ಮಸುಕನ್ನೂ ಗೀರನ್ನೂ ಕಲೆಯನ್ನೂ ಎತ್ತಿ ತೋರಿಸಿ, ಈಕೆಗೆ ಉಪಕರಣವನ್ನು ಹಿಡಿಯಲೇ ಬಾರದೆಂಬಂತೆ ವಿಮರ್ಶಕರು ಬರೆದರು. ಆದರೆ ಚಿತ್ರಕಾರರೂ ಕವಿಗಳೂ ಮೆಚ್ಚಿದರು. 1865ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯವು ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1868ರಲ್ಲಿ ಅಲ್ಲಿಯೇ ಎರಡು ಕೋಣೆಗಳನ್ನು ಆಕೆಯ ಉಪಯೋಗಕ್ಕೆ ಬಿಟ್ಟುಕೊಟ್ಟಿತು. ಆಕೆಯು ದೋಷವನ್ನೆಲ್ಲ ಗುಣವೆಂದು ಸಾಧಿಸುವ ಹಟಗಾರ್ತಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತನ್ನ ಗಾಜುಗಳ ಮೇಲಿನ ಪೊರೆಯು ಬಿರುಕುಬಿಡಲಾರಂಭಿಸಿದಾಗ 1869ರಲ್ಲಿ ಅದೇ ಸಂಘದ ಸಭೆಯಲ್ಲಿ ಬಲ್ಲವರ ಸಲಹೆಯನ್ನು ಕೇಳಿದಳು. ಬಿರುಕು ಆಕೆಗೆ ಬೇಡದ ನಷ್ಟ. ಮಸುಕು ಆಕೆಯು ಬೇಕೆಂದು ಆರಿಸಿಕೊಂಡ ಮಾರ್ಗ. ಈ ಎರಡರ ಭೇದವನ್ನು ವಿಮರ್ಶಕರು ಅರಿಯದೆ ಹೋದರು. ಆಕೆಯು ಮರೆಯದೆ ನಡೆದಳು.

ಆ ಮಾರ್ಗದ ಫಲವನ್ನು ಕಾಣಬೇಕಾದರೆ 1867ರ ಹರ್ಷೆಲನ ಚಿತ್ರವನ್ನು ನೋಡಬೇಕು. ಭಾರವಾದ ಸಾಮಗ್ರಿಯನ್ನೆಲ್ಲ ಕೆಂಟ್ ಪ್ರಾಂತದಲ್ಲಿದ್ದ ಅವನ ಮನೆಗೆ ಸಾಗಿಸಿ, ಕಪ್ಪು ಮಖಮಲ್ಲನ್ನು ಹೊದಿಸಿ, ಬೆಳ್ಳಗಿನ ಕೂದಲು ಕೆದರಿ ಬೆಳಕಿಗೆ ಹೊಳೆಯುವಂತೆ ಮಾಡಿ, ಆ ವೃದ್ಧ ಗುರುವನ್ನು ಚಿತ್ರಿಸಿದಳು. ನಕ್ಷತ್ರಗಳನ್ನು ನೋಡಿ ನೋಡಿ ದಣಿದ ಆ ಕಣ್ಣುಗಳು ಕತ್ತಲೆಯೊಳಗಿಂದ ನಮ್ಮನ್ನೇ ದಿಟ್ಟಿಸುತ್ತವೆ. ಅದೇ ವರ್ಷ ಕಾರ್ಲೈಲನು, ಮರುವರ್ಷ ಡಾರ್ವಿನ್ನನು ಆಕೆಯ ಮಸೂರದ ಮುಂದೆ ಕುಳಿತರು. ಟೆನಿಸನ್, ಬ್ರೌನಿಂಗ್, ಲಾಂಗ್‌ಫೆಲೋ ಮೊದಲಾದ ಕವಿಗಳ ಮುಖಗಳೂ ನಮಗೆ ಆಕೆಯಿಂದ ಉಳಿದುಬಂದಿವೆ.

ಆದರೆ ನಮಗೆ ಇದಕ್ಕಿಂತಲೂ ಮಿಗಿಲಾಗಿ ತೋರುವುದು ಮತ್ತೊಂದು ಸಂಗತಿ. ಮಹಾಪುರುಷರ ಮುಖಕ್ಕೆ ಎಷ್ಟು ಸಮೀಪಕ್ಕೆ ಹೋದಳೋ ಮನೆಗೆಲಸದ ಹುಡುಗಿಯರ ಮುಖಕ್ಕೂ ಆಕೆಯು ಅಷ್ಟೇ ಸಮೀಪಕ್ಕೆ ಹೋದಳು. ಮೇರಿ ಹಿಲಿಯರ್ ಎಂಬ ಸೇವಕಿಯು ಯೇಸುವಿನ ತಾಯಿಯಾದ ಮರಿಯಳಾಗಿ ಎಷ್ಟೋ ಚಿತ್ರಗಳಲ್ಲಿ ಕಾಣಿಸಿಕೊಂಡಳು. ಮೇರಿ ರಯನ್ ಎಂಬವಳು ಲಂಡನ್ನಿನ ಬಳಿ ತಾಯಿಯೊಡನೆ ಭಿಕ್ಷೆ ಬೇಡುತ್ತಿದ್ದ ಐರಿಷ್ ಹುಡುಗಿ; ಶ್ರೀಮತಿ ಕ್ಯಾಮೆರನ್ನಳು ಅವಳನ್ನು ಮನೆಗೆ ಕರೆತಂದು ಸಾಕಿ ಓದಿಸಿದಳು. ಪ್ರದರ್ಶನದಲ್ಲಿ ಅವಳನ್ನೂ ಅವಳ ಚಿತ್ರವನ್ನೂ ಕಂಡು ಮನಸೋತ ಹೆನ್ರಿ ಕಾಟನ್ ಎಂಬ ತರುಣನು 1867ರಲ್ಲಿ ಅವಳನ್ನು ವಿವಾಹವಾಗಿ ನಮ್ಮ ದೇಶಕ್ಕೆ ಕರೆತಂದನು. ಮುಂದೆ ಅಸ್ಸಾಮಿನ ಮುಖ್ಯಾಧಿಕಾರಿಯಾಗಿ, 1904ರಲ್ಲಿ ಬೊಂಬಾಯಿಯ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನಕ್ಕೆ ಅಧ್ಯಕ್ಷನಾದವನು ಇವನೇ.

ಇಲ್ಲಿ ನ್ಯಾಯವಾದ ಒಂದು ಮಾತನ್ನು ಹೇಳದಿದ್ದರೆ ಚರಿತ್ರೆಯು ಪೂರ್ಣವಾಗದು. ಆಕೆಯ ಚಿತ್ರಗಳ ಕೆಳಗೆ ಪುರುಷರಿಗೆ ಬಹುಮಟ್ಟಿಗೆ ಅವರವರ ಹೆಸರೇ ಇದೆ. ಸೇವಕಿಯರಿಗಾದರೋ ಸಂತಸ್ತ್ರೀಯರ, ಕಾವ್ಯನಾಯಿಕೆಯರ ಹೆಸರುಗಳಿವೆ. ಡಾರ್ವಿನ್ನನು ಡಾರ್ವಿನ್ನನಾಗಿಯೇ ಉಳಿದನು. ಮೇರಿ ಹಿಲಿಯರಳು ತಾನಾಗಿ ಉಳಿಯಲು ಅವಕಾಶವು ವಿರಳವಾಯಿತು. ತನ್ನ ಸೋದರಿಯ ಮಗಳಾದ ಜೂಲಿಯಾ ಜ್ಯಾಕ್ಸನ್ನಳನ್ನು ಮಾತ್ರ ಆಕೆಯು ಹಲವು ಸಲ ಅವಳ ಹೆಸರಿನಿಂದಲೇ ಚಿತ್ರಿಸಿದಳು. ಲೇಖಕಿಯಾದ ವರ್ಜೀನಿಯಾ ವುಲ್ಫಳ ತಾಯಿಯೇ ಈ ಜೂಲಿಯಾ.

1873ರಲ್ಲಿ, ಮೊದಲ ಕ್ಯಾಮೆರಾವನ್ನು ಕೊಟ್ಟಿದ್ದ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ತಾಯಿಯು ದುಃಖವನ್ನು ನುಂಗಿ, ಟೆನಿಸನ್ನನ ಅರಸುಗತೆಗಳಿಗೆ ಛಾಯಾಚಿತ್ರಗಳನ್ನು ರಚಿಸುವ ದೊಡ್ಡ ಕಾರ್ಯವನ್ನು 1874-75ರಲ್ಲಿ ಮುಗಿಸಿದಳು. ಅಷ್ಟರಲ್ಲಿ ಎಲೆರೋಗದಿಂದ ಸಿಂಹಳದ ಕಾಫಿಯ ತೋಟಗಳಿಗೆ ಕೇಡುಗಾಲ ಬಂದಿತ್ತು. ಕೈಯಲ್ಲಿ ಹಣವೂ ಇಳಿದಿತ್ತು. 1875ರಲ್ಲಿ ವೃದ್ಧ ದಂಪತಿಗಳು ಮಕ್ಕಳಿದ್ದ ಸಿಂಹಳಕ್ಕೆ ಹೊರಟುಹೋದರು. ಅಲ್ಲಿ ಆಕೆಯು ತೆಗೆದ ಚಿತ್ರಗಳು ಸ್ವಲ್ಪವೇ. ತೋಟದ ಆಳುಗಳ, ಊರ ಹೆಂಗಸರ ಆ ಮುಖಗಳು ಗಂಭೀರವಾಗಿವೆ, ಮನಮುಟ್ಟುತ್ತವೆ. ಆದರೆ ಅವು ಬಹುಪಾಲು ಹೆಸರಿಲ್ಲದೆಯೇ ಉಳಿದಿವೆ. 1879ನೆಯ ಜನವರಿ 26ರಂದು ಶ್ರೀಮತಿ ಕ್ಯಾಮೆರನ್ನಳು ಅಲ್ಲಿಯೇ ಕಾಲವಶಳಾದಳು. ಬೊಗವಂತಲಾವೆಯ ಸಂತ ಮರಿಯಳ ದೇವಾಲಯದ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಮರುವರ್ಷ ಪತಿಯೂ ಅದರ ಪಕ್ಕದಲ್ಲಿಯೇ ವಿಶ್ರಮಿಸಿದನು.

ಕೇವಲ ಹನ್ನೊಂದು ಹನ್ನೆರಡು ವರ್ಷಗಳ ದುಡಿಮೆಯಿಂದ ಆಕೆಯು ಬಿಟ್ಟುಹೋದ ಚಿತ್ರಗಳು ಸಾವಿರಕ್ಕೂ ಮೇಲ್ಪಟ್ಟಿವೆ. ಕೆಲಕಾಲ ಲೋಕವು ಅವನ್ನು ಮರೆಯಿತು. 1926ರಲ್ಲಿ ವರ್ಜೀನಿಯಾ ವುಲ್ಫಳೂ ರಾಜರ್ ಫ್ರೈ ಎಂಬ ಕಲಾವಿಮರ್ಶಕನೂ ಅವುಗಳಲ್ಲಿ ಕೆಲವನ್ನು ಪುಸ್ತಕರೂಪವಾಗಿ ತಂದರು. 2015ರಲ್ಲಿ, ಜನ್ಮದ ಇನ್ನೂರನೆಯ ವರ್ಷದ ಸಂದರ್ಭದಲ್ಲಿ, ಮೊದಲು ಆಕೆಗೆ ಬಾಗಿಲು ತೆರೆದಿದ್ದ ವಸ್ತುಸಂಗ್ರಹಾಲಯವೇ, ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರಿನಿಂದ, ಆಕೆಯ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿತು. ಡಿಂಬೋಲ ಮನೆಯು ಇಂದು ಆಕೆಯ ಸ್ಮಾರಕಾಲಯವಾಗಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕುದು ಮಸುಕಾದ ಚಿತ್ರವೆಲ್ಲವೂ ಕಲೆಯೆಂಬುದನ್ನಲ್ಲ. ವಿದ್ಯೆಗೆ ವಯಸ್ಸಿನ ಮಿತಿಯಿಲ್ಲವೆಂಬುದು ಒಂದು. ಕೈತಪ್ಪಿನಿಂದಾದ ದೋಷವಾವುದು, ಕಣ್ಣು ಬೇಕೆಂದು ಆರಿಸಿದುದಾವುದು ಎಂದು ತನ್ನೊಳಗೇ ವಿಚಾರಿಸಿ ತಿಳಿದವಳಿಗೆ ಹೊರಗಿನ ನಿಂದೆಯು ದಾರಿತಪ್ಪಿಸಲಾರದೆಂಬುದು ಇನ್ನೊಂದು. ಮೂರನೆಯದನ್ನು ಆಕೆಯ ಗುಣದಿಂದಲೂ ಕೊರತೆಯಿಂದಲೂ ಕೂಡಿಯೇ ಕಲಿಯುತ್ತೇವೆ. ಸಿರಿವಂತರ ಮುಖಕ್ಕೂ ಬಡವರ ಮುಖಕ್ಕೂ ಒಂದೇ ಅಳತೆಯ ಸಮೀಪಕ್ಕೆ ಹೋಗಿರಿ. ಮತ್ತು ಚಿತ್ರವು ಸಿದ್ಧವಾದ ಮೇಲೆ, ಆ ಮುಖವು ಯಾರದೋ ಅವರ ಹೆಸರನ್ನು ಅದರ ಕೆಳಗೆ ತಪ್ಪದೆ ಬರೆಯಿರಿ.