ಶಂಭುಲಿಂಗನ ಬೆಟ್ಟದಿಂದ ಮಲಪ್ರಭೆಯ ತಟಕ್ಕೆ

ಏಕಾಂತದಲ್ಲಿ ಪಡೆದುದನ್ನು ಲೋಕಕ್ಕೆ ಹಂಚಿದಾಗಲೇ ತಪಸ್ಸು ಸಾರ್ಥಕವಾಗುವುದು. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರ ಶಿವಯೋಗಿಗಳ ಜೀವನವು ಈ ಮಾತಿಗೆ ಉಜ್ಜ್ವಲ ನಿದರ್ಶನವಾಗಿದೆ.

ಪೂಜ್ಯರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಅವತರಿಸಿದರು. ಹಾಲಯ್ಯನೆಂಬುದು ಅವರ ಬಾಲ್ಯದ ಹೆಸರು. ಜ್ಞಾನದ ಹಸಿವಿನಿಂದ ಹುಬ್ಬಳ್ಳಿಗೆ ಬಂದು ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತ ಶ್ರವಣ ಮಾಡಿದರು. ಆದರೂ ಕರಸ್ಥಲದ ಇಷ್ಟಲಿಂಗದ ಮರ್ಮವನ್ನು ಅರಿಯುವ ಹಂಬಲ ತಣಿಯಲಿಲ್ಲ. ಆ ಹಂಬಲವೇ ಅವರನ್ನು ಎಳಂದೂರಿನ ಬಸವಲಿಂಗ ಸ್ವಾಮಿಗಳ ಅಡಿದಾವರೆಗೆ ತಂದಿತು.

ಗುರುವಿನೊಡನೆ ಅವರು ಸೇರಿದ್ದು ಶಂಭುಲಿಂಗನ ಬೆಟ್ಟವನ್ನು. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಈ ಬೆಟ್ಟವು ವಿವೇಕಚಿಂತಾಮಣಿಯ ಕರ್ತೃಗಳಾದ ನಿಜಗುಣ ಶಿವಯೋಗಿಗಳು ತಪಗೈದ ಪುಣ್ಯಭೂಮಿ. ಮೇಲೆ ಮೇರೆಯಿಲ್ಲದ ಬಾನು, ಕೆಳಗೆ ಕಾಡು, ನಡುವೆ ಬಂಡೆಯ ಮೌನ. ಇಂತಹ ಎಡೆಯಲ್ಲಿ ಕುಳಿತವನಿಗೆ ತನ್ನ ಅಲ್ಪತೆ ತಾನಾಗಿಯೇ ತಿಳಿಯುತ್ತದೆ; ಅಹಂಕಾರ ಕರಗಿ ಬೆರಗು ಮೂಡುತ್ತದೆ. ಆ ಬೆರಗು ಹೊರಗೇ ನಿಂತರೆ ಬರಿಯ ಸಂತೋಷ. ಜಗದಗಲವಾದ ವಸ್ತುವೇ ಅಂಗೈಯಲ್ಲಿ ನೆಲೆಸಿದೆಯೆಂದು ಒಳಗೆ ತಿರುಗಿದರೆ ಅದೇ ಶಿವಯೋಗ. ಗುರುಕೃಪೆಯಿಂದ ಪೂಜ್ಯರಿಗೆ ಆ ಯೋಗವು ಅಲ್ಲಿ ಸಾಧಿಸಿತು.

ಬೆಟ್ಟದಲ್ಲಿಯೇ ನಿಂತಿದ್ದರೆ ಅವರೊಬ್ಬರು ಧನ್ಯರಾಗುತ್ತಿದ್ದರು. ಆದರೆ ಸಮಾಜವು ಅಜ್ಞಾನದಲ್ಲಿ ತೊಳಲುತ್ತಿತ್ತು. ಮಠಗಳಿಗೆ ಯೋಗ್ಯ ಗುರುಗಳ ಕೊರತೆಯಿತ್ತು. ಹಾನಗಲ್ಲ ಪೀಠದ ಭಾರವನ್ನು ಹೊತ್ತು ಊರೂರು ಸಂಚರಿಸಿದರು. ಅವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಸಿರಸಂಗಿಯ ಲಿಂಗರಾಜರ ಅಧ್ಯಕ್ಷತೆಯಲ್ಲಿ ವೀರಶೈವ ಮಹಾಸಭೆಯ ಪ್ರಥಮಾಧಿವೇಶನ ನೆರೆಯಿತು.

ಸಭೆಗಳ ಗದ್ದಲದ ನಡುವೆಯೂ ಪೂಜ್ಯರು ಬೆಟ್ಟದ ಮೌನವನ್ನು ಮರೆಯಲಿಲ್ಲ. ಗುರುವಾಗುವವನಿಗೆ ವಿದ್ಯೆಯೊಂದೇ ಸಾಲದು, ಏಕಾಂತವೂ ಬೇಕೆಂದು ಬಗೆದು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಊರಿನ ಸದ್ದಿಲ್ಲದ ಆ ತಾಣದಲ್ಲಿ ವಟುಗಳು ಸಂಸ್ಕೃತವನ್ನೂ ಯೋಗವನ್ನೂ ಅಭ್ಯಾಸಮಾಡಿದರು. ಗೋಶಾಲೆ ಬೆಳೆಯಿತು, ವಿಭೂತಿ ಸಿದ್ಧವಾಯಿತು, ತಾಳೆಯೋಲೆಗಳ ಭಂಡಾರ ಕೂಡಿತು. ತಾವು ಬೆಟ್ಟದಲ್ಲಿ ಕಂಡ ನಿಧಿಯನ್ನು ಹೀಗೆ ಮುಂದಿನ ಪೀಳಿಗೆಗೆ ಒಪ್ಪಿಸಿ, 1930ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಗದ್ದುಗೆಯೂ ಆ ಮಂದಿರದಲ್ಲಿಯೇ ಇದೆ.

ಸಂಸಾರಿಗಳಾದ ಸದ್ಭಕ್ತರೆಲ್ಲರೂ ಬೆಟ್ಟವನ್ನೇರಲಾರರು. ಆದರೆ ಬೆಳಗಿನ ಜಾವದಲ್ಲಿ ಕ್ಷಣಕಾಲ ಮೌನವಾಗಿ ಕುಳಿತು ಲಿಂಗವನ್ನು ದಿಟ್ಟಿಸಲು ಯಾರಿಗೂ ಅಡ್ಡಿಯಿಲ್ಲ. ಆ ಕ್ಷಣದ ಶಾಂತಿಯನ್ನು ದಿನದ ಕಾಯಕಕ್ಕೆ ತರುವುದೇ ಪೂಜ್ಯರಿಗೆ ಸಲ್ಲಿಸುವ ನಿಜವಾದ ಕಾಣಿಕೆ.